ಜ್ವರಕ್ಕೆ ಕಾರಣ

ಮಾರ್ಚ್ 3, ಸೋಮವಾರ

ಗಾರ್ಮೆಂಟ್ಸಿನಲ್ಲಿ ಇವತ್ತೂ ಶರ್ಟಿನ ಕಾಲರ್ ಹೊಲಿಗೆ. ಗಂಟೆಗೆ ಅರವತ್ತು. ನನಗೆ ಐದನೇ ತಿಂಗಳು. ಬೆಳಗ್ಗೆಯಿಂದ ನೀರು ಕುಡಿದಿಲ್ಲ, ಬೇಕೆಂದೇ. ಕುಡಿದರೆ ಏಳಬೇಕು, ಎದ್ದರೆ ಟೋಕನ್ ಬೇಕು. ಲೈನಿನ ನಲವತ್ತು ಹೆಂಗಸರಿಗೆ ಬಾತ್‌ರೂಮಿಗೆ ಹೋಗಲು ಒಂದೇ ಟೋಕನ್. ಅದು ಸೂಪರ್‌ವೈಸರ್ ಮೇಜಿನ ಮೇಲೆ. ಅವನ ಕೊರಳಲ್ಲಿ ಸದಾ ಒಂದು ಸೀಟಿ. ನಾವಿಟ್ಟ ಹೆಸರೂ ಸೀಟಿಯೇ.

ಎರಡು ಸಲ ಹೋದೆ, ಟೋಕನ್ ಇರಲಿಲ್ಲ. ಮೂರನೇ ಸಲ, "ಏನಮ್ಮಾ, ನಲ್ಲಿ ಕೆಟ್ಟಿದೆಯಾ?" ಎಂದ. ಎಲ್ಲರೆದುರು. ಇಬ್ಬರು ನಕ್ಕರು. ಯಾರೆಂದು ನೆನಪಿಟ್ಟಿದ್ದೇನೆ.

ಮೂತ್ರಕ್ಕೆ ಹೋದರೆ ಉರಿ. ಶನಿವಾರದಿಂದ.

ಮಾರ್ಚ್ 5

ಸೊಂಟದ ಮೇಲೆ, ಬಲಗಡೆ, ಯಾರೋ ಗುದ್ದಿದ ಹಾಗೆ ನೋವು. ಮಧ್ಯಾಹ್ನ ಚಳಿ. ಹಲ್ಲು ಕಟಕಟ. ಪಕ್ಕದ ಮಿಷನ್ನಿನಲ್ಲಿ ಗುಂಡಿಗೆ ಕಾಜಾ ಹೊಲಿಯುವ ಅಕ್ಕ — ಕಾಜಕ್ಕ ಎಂದೇ ಕರೆಯುತ್ತೇವೆ — ಹಣೆ ಮುಟ್ಟಿ ಕೈ ಎಳೆದುಕೊಂಡಳು. "ಕಾದ ಹೆಂಚಾಗಿದೆಯಲ್ಲೇ! ಎದ್ದು ಹೋಗು."

ರಜೆ ಕೇಳಿದೆ. "ಬಸುರಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಐದಕ್ಕೆ ಹೋಗೋರಂತೆ" ಎಂದ ಸೀಟಿ.

ಐದರವರೆಗೂ ಹೊಲಿದೆ. ಯಾಕೆ ಹೊಲಿದೆ...

ಮಾರ್ಚ್ 10

ಆಸ್ಪತ್ರೆ. ನಾಲ್ಕನೇ ದಿನ. ಬಲಗೈಗೆ ಡ್ರಿಪ್, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿವೆ ಅಕ್ಷರ. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತಂತೆ. ಜ್ವರ ನಿನ್ನೆ ಇಳಿಯಿತು.

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. ಮಗುವಿನ ಎದೆಬಡಿತ ಚೆನ್ನಾಗಿದೆ ಎಂದರು. ಮುಖ ಹಾಗೆ ಹೇಳುತ್ತಿರಲಿಲ್ಲ.

"ನೇರ ಹೇಳಿ" ಎಂದೆ.

"ಕ್ರಿಮಿ ಮಗೂನ ಮುಟ್ಟಲೇಬೇಕು ಅಂತಿಲ್ಲಮ್ಮ. ಕ್ರಿಮಿ ಜೊತೆ ನಿಮ್ಮ ಮೈ ಜಗಳಕ್ಕೆ ನಿಲ್ಲುತ್ತೆ ನೋಡಿ, ಅದನ್ನ ಉರಿಯೂತ ಅಂತೀವಿ. ಆ ಜಗಳದ ಬಿಸಿ ರಕ್ತದಲ್ಲಿ ಹರಿದು, ಮಾಸು ದಾಟಿ ಮಗೂಗೂ ತಟ್ಟಬಹುದು. ಈಗ ಅದರ ಮೆದುಳು ಕಟ್ಕೊಳ್ತಾ ಇರೋ ಹೊತ್ತು. ಅಲ್ಲಿರೋ ಕಾವಲು ಕೋಶಗಳು ಹೊತ್ತಲ್ಲದ ಹೊತ್ತಲ್ಲಿ ಕೆರಳಿದ್ರೆ, ನರಗಳು ಒಂದಕ್ಕೊಂದು ಸೇರೋ ಕೆಲಸ ಸ್ವಲ್ಪ ಆಚೀಚೆ ಆಗಬಹುದು. ಮುಂದೆ ಮಾತಲ್ಲಿ, ಕಲಿಕೆಯಲ್ಲಿ ಕಾಣಿಸಬಹುದು."

"ಆಗುತ್ತೆ ಅಂತಾನಾ?"

"ಆಗಬಹುದು ಅಂತ. ಹೆಚ್ಚಿನ ಮಕ್ಕಳಿಗೆ ಏನೂ ಆಗಲ್ಲ. ಆದ್ರೆ ಜ್ವರ ಬಂದ್ಮೇಲೆ ಇಷ್ಟು ತಡ ಮಾಡಬಾರದಿತ್ತು."

ತಡ.

ಅವರು ಹೋದ ಮೇಲೆ ಅಳು ಬಂತು. ಆಮೇಲೆ ಸಿಟ್ಟು. ಸಿಟ್ಟೇ ವಾಸಿ.

ಮಾರ್ಚ್ 13

ಮನೆ. ಅತ್ತೆ ಬಿಸಿನೀರು ತಂದಿಟ್ಟು ಶುರುಮಾಡಿದರು. "ಬಾಯಿ ಬಿಟ್ಟು ಹೇಳಬಾರದಿತ್ತಾ? ನಾಳೆ ಮಗೂಗೆ ಏನಾದ್ರೂ ಆದ್ರೆ ನಿನ್ನ ಮೊಂಡುತನಾನೇ ಕಾರಣ."

"ಬಾಯಿ ಬಿಟ್ಟೆ ಅತ್ತೆ. ಕೇಳೋ ಕಿವಿ ಇರಲಿಲ್ಲ."

ಇವರು ನಡುವೆ ಬಂದರು. "ಹೋಗ್ಲಿ, ಕೆಲಸಾನೇ ಬಿಟ್ಟುಬಿಡು ಕಣೇ."

"ನಾನು ಬಿಟ್ರೆ ಆ ಮಿಷನ್ ಮುಂದೆ ಇನ್ನೊಬ್ಬಳು ಕೂರ್ತಾಳೆ. ಅವಳೂ ನೀರು ಕುಡಿಯಲ್ಲ."

ಅತ್ತೆ ಬಿಸಿನೀರಿನ ಲೋಟ ನನ್ನ ಕೈಗಿಟ್ಟರು.

ಸಂಜೆ ಫ್ಯಾಕ್ಟರಿಗೆ ಕೊಡಲು ಚೀಟಿ ಬರೆಸಿಕೊಳ್ಳಲು ಆಸ್ಪತ್ರೆಗೆ ಹೋದೆ. 'ವಿಶ್ರಾಂತಿ ಒಳ್ಳೆಯದು' ಎಂದು ಬರೆದರು ಡಾಕ್ಟರಮ್ಮ. ಬೇರೆ ಬರೆಯಿರಿ ಎಂದೆ. "ಅವತ್ತು ನನಗೆ ಹೇಳಿದ್ದನ್ನೇ ಬರೀರಿ. ಮೆದುಳು ಅನ್ನೋ ಮಾತು ಇರಲಿ." ಕನ್ನಡಕದ ಮೇಲಿಂದ ನೋಡಿದರು. ಬರೆದರು.

ಮಾರ್ಚ್ 17

ಸೀಟಿ ಚೀಟಿ ಓದಿದ. ಎರಡು ಸಲ. "ಸರಿ, ನಿಮಗೊಬ್ರಿಗೆ ಟೋಕನ್ ಬೇಡ. ಬೇರೆಯವರ ಹತ್ರ ಹೇಳ್ಕೊಂಡು ತಿರುಗಬೇಡಿ."

"ಬೇರೆಯವರಿಗೆ ಕಿಡ್ನಿ ಇಲ್ವಾ?"

ಲೈನಿನಲ್ಲಿ ಇನ್ನೂ ಮೂವರು ಬಸುರಿಯರು. ಊಟದ ಬಿಡುವಿನಲ್ಲಿ ಮೂವರಿಗೂ ಚೀಟಿ ಓದಿದೆ. ಕಾಜಕ್ಕ ಕೇಳುತ್ತ ನಿಂತಿದ್ದಳು. "ನನ್ನ ಎರಡನೇದು ಹೊಟ್ಟೆಯಲ್ಲಿದ್ದಾಗ ನಂಗೂ ಜ್ವರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆ ಹುಡುಗ ಮಾತು ಕಲಿತಿದ್ದು ಐದು ವರ್ಷಕ್ಕೆ.

"ಅದಕ್ಕೇ ಅಂತ ಯಾರಿಗೂ ಗೊತ್ತಿಲ್ಲ ಅಕ್ಕಾ. ನಿನ್ನ ತಲೆ ಮೇಲೆ ಹೊತ್ಕೋಬೇಡ."

"ಇಷ್ಟು ವರ್ಷ ಹೊತ್ತಿದ್ದೀನಲ್ಲೇ" ಎಂದಳು.

ಮಾರ್ಚ್ 19, ಮಧ್ಯಾಹ್ನ 1.10

ಊಟದ ಬಿಡುವಿನಲ್ಲೇ ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಎದ್ದೆ. ಮೂಲೆಯ ಡ್ರಮ್ಮಿನಿಂದ ಎರಡು ಲೋಟ ನೀರು ಕುಡಿದೆ, ಎಲ್ಲರಿಗೂ ಕಾಣುವ ಹಾಗೆ. ಕಾಜಕ್ಕ ಎದ್ದಳು. ಕುಡಿದಳು. ಆ ಮೂವರು ಎದ್ದರು. ಆಮೇಲೆ ಲೈನಿಗೆ ಲೈನೇ. ಅವತ್ತು ನಕ್ಕಿದ್ದ ಇಬ್ಬರೂ. ಸೀಟಿ ಊದಿದ, ಊದಿದ, ಕೆಮ್ಮು ಹತ್ತಿತು. ಬಾತ್‌ರೂಮಿನ ಮುಂದೆ ನಲವತ್ತು ಜನರ ಸಾಲು. ಯಾರ ಕೈಯಲ್ಲೂ ಟೋಕನ್ ಇಲ್ಲ.

ಮ್ಯಾನೇಜರ್ ಇಳಿದು ಬಂದರು. "ಏನಿದು ತಮಾಷೆ?"

"ತಮಾಷೆ ಅಲ್ಲ ಸಾರ್, ಚಿಕಿತ್ಸೆ." ಚೀಟಿ ಗಟ್ಟಿಯಾಗಿ ಓದಿದೆ. "ಕಾಲರ್ ಸೊಟ್ಟ ಆದ್ರೆ ಬಿಚ್ಚಿ ಹೊಲೀತೀನಿ. ಹೊಟ್ಟೇಲಿರೋ ಇದನ್ನ ಬಿಚ್ಚೋಕಾಗಲ್ಲ."

ನನ್ನ ಹೊಟ್ಟೆ ನೋಡಲಿಲ್ಲ. ಗಡಿಯಾರ ನೋಡಿದರು. ಮಿಷನ್ನುಗಳು ನಿಂತು ಇಪ್ಪತ್ತೆರಡು ನಿಮಿಷವಾಗಿತ್ತು.

ಮಾರ್ಚ್ 24

ಟೋಕನ್ ರದ್ದು. ನನಗೊಂದು ಮೆಮೊ: 'ಶಿಸ್ತು ಉಲ್ಲಂಘನೆ'. ಅತ್ತೆ ನನ್ನಿಂದ ಓದಿಸಿ ಕೇಳಿದರು. ಆಮೇಲೆ, "ಫ್ರೇಮ್ ಹಾಕ್ಸು" ಎಂದರು.

ಜುಲೈ 23

ಹೆಣ್ಣು. ಏನು ಗಂಟಲು!

ಮರುವರ್ಷ, ನವೆಂಬರ್ 18, ಬೆಳಗ್ಗೆ 10.40

ಹೊಸ ಡೈರಿ ಕೊಂಡಿಲ್ಲ. ಇದು ಹಳೆಯದರ ಕೊನೆಯ ಹಾಳೆ. ಇವಳಿಗೆ ಹದಿನಾರು ತಿಂಗಳು. ನಡೆಯುತ್ತಾಳೆ, ಹತ್ತುತ್ತಾಳೆ, ಕಚ್ಚುತ್ತಾಳೆ. ಮಾತು ಒಂದೂ ಇಲ್ಲ. ಕಿವಿ ಸರಿಯಿದೆಯಂತೆ. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ ಕೋಣೆಯ ಹೊರಗೆ ಕೂತಿದ್ದೇವೆ.

"ಆ ಜ್ವರದಿಂದಾನೇ" ಎಂದಳು ನಾದಿನಿ. ಇರಬಹುದು. ಇಲ್ಲದಿರಬಹುದು. ಇದ್ದರೆ ಬೇಗ ತಿಳಿಯಲಿ, ಬೇಗ ಕಲಿಸುತ್ತೇವೆ. ಹೆದರಿಕೆ ಇದೆ. ನಾಚಿಕೆ ಇಲ್ಲ.

ಫಾರಂ ಕೊಟ್ಟರು. 'ಗರ್ಭಿಣಿಯಾಗಿದ್ದಾಗ ತಾಯಿಗೆ ಜ್ವರ ಬಂದಿತ್ತೇ?' ಹೌದು. 'ಕಾರಣ?' ಒಂದೇ ಗೆರೆ ಜಾಗ. 'ಕಿಡ್ನಿ ಸೋಂಕು. ಕೆಲಸದಲ್ಲಿ ಮೂತ್ರಕ್ಕೆ ಹೋಗಲು ಬಿಡಲಿಲ್ಲ' ಎಂದು ಬರೆದೆ. ಗೆರೆ ಮೀರಿ ಅಂಚಿನವರೆಗೆ ಹೋಯಿತು.

"ಇಲ್ಲಿ ಕಾಯಿಲೆ ಹೆಸರಷ್ಟೇ ಸಾಕು ಕಣ್ರೀ" ಎಂದಳು ನರ್ಸ್.

"ಇರಲಿ. ಓದಲಿ."

ಒಳಗೆ ಕರೆಯುತ್ತಿದ್ದಾರೆ. ಇವರು ಚೀಲ ಹುಡುಕುತ್ತಿದ್ದಾರೆ. ಇವಳು ನಮ್ಮಿಬ್ಬರನ್ನೂ ಬಿಟ್ಟು ಆಗಲೇ ಬಾಗಿಲ ಹತ್ತಿರ. ಎರಡೂ ಕೈ ಎತ್ತಿ ಬಡಿಯುತ್ತಿದ್ದಾಳೆ, ಇನ್ನೇನು ತಾನೇ ತೆಗೆದು —