ಎರಡು ಚೀಲಗಳು

ಕೂಕಟ್‌ಪಲ್ಲಿ, ಹೈದರಾಬಾದ್
ಗುರುವಾರ

ಅತ್ತೆಯವರಿಗೆ ಶೀತಲಳ ನಮಸ್ಕಾರಗಳು.

ನಿಮ್ಮ ಮಗನ ಕೈಯಲ್ಲಿ ಎರಡು ಬಟ್ಟೆ ಚೀಲ ಕಳಿಸಿದ್ದೇನೆ. ಕೋಠಿಯ ರೊಟ್ಟಿ ಅಂಗಡಿಯವರು ಗಿರಾಕಿಗಳಿಗೆ ಪುಕ್ಕಟೆ ಹಂಚಲು ಮಾಡಿಸುತ್ತಿರುವ ಚೀಲದ ನಮೂನೆಗಳಿವು. ಚಿತ್ರ ಬರೆದವಳು ನಾನು, ರೊಟ್ಟಿ ಬಡಿಯುವ ಒಬ್ಬ ಹೆಂಗಸು. ಯಾರನ್ನೂ ನೆನೆದು ಬರೆದದ್ದಲ್ಲ ಎಂದುಕೊಂಡಿದ್ದೆ.

ಅಂಗಡಿಯ ಅಮರೇಶಪ್ಪನವರು ನೋಡಿ, "ಎಲ್ಲಾ ಚಲೋ ಐತ್ರಿ ಮೇಡಂ, ಹಣಿ ಯಾಕ ಖಾಲಿ ಬಿಟ್ಟೀರಿ? ಕುಂಕುಮ ಇಡ್ರಿ" ಎಂದರು. ಇಟ್ಟೆ. ಇಟ್ಟ ಕೂಡಲೇ ಅದು ನೀವಾದಿರಿ. ನಾನು ಮದುವೆಯಾಗಿ ಬಂದಾಗ ಇದ್ದ ನೀವು.

ಮಾವನವರು ಹೋದಾಗ ನಿಮ್ಮ ಹಣೆ ಒರೆಸಲು ಒದ್ದೆ ಬಟ್ಟೆ ತಂದುಕೊಟ್ಟವಳು ನಾನೇ. ಹೆಂಗಸರು ಕೇಳಿದರು, ಕೊಟ್ಟೆ. ಬೇಡ ಎನ್ನಬೇಕಿತ್ತೇ, ಅಂದಿದ್ದರೆ ನಿಮಗೇ ಮುಜುಗರವಾಗುತ್ತಿತ್ತೇ, ಇಂದಿಗೂ ತಿಳಿದಿಲ್ಲ. ಆಗ ಒರೆಸುವಾಗ ನಿಮ್ಮನ್ನು ಯಾರೂ ಕೇಳಲಿಲ್ಲ. ಈಗ ಇಡುವಾಗ ನಾನೂ ಕೇಳಲಿಲ್ಲ.

ಅಚ್ಚಿನವರು ಬಣ್ಣಕ್ಕೊಂದು ಸ್ಕ್ರೀನ್, ಅಂದರೆ ಬಣ್ಣ ಇಳಿಸುವ ಜಾಲರಿಯ ಚೌಕಟ್ಟು, ಮಾಡುತ್ತಾರೆ. ಕೆಂಪಿನ ಸ್ಕ್ರೀನ್‌ನಲ್ಲಿ ಕುಂಕುಮ ಬಿಟ್ಟು ಬೇರೇನೂ ಇಲ್ಲ. ಹಾಗಾಗಿ ಒಂದು ಚೀಲಕ್ಕೆ ಅದನ್ನು ಹಾಕಿಸಿ, ಇನ್ನೊಂದಕ್ಕೆ ಹಾಕಿಸದೆ ಬಿಟ್ಟಿದ್ದೇನೆ. ಸೋಮವಾರ ಅಚ್ಚು ಶುರುವಾಗುತ್ತದೆ. "ನನ್ನ ಮಾರಿ ಏನ್ ನೋಡ್ತಿ, ರೊಟ್ಟಿ ಸೀದೀತು ನೋಡು" ಎಂದು ಎಂದಿನಂತೆ ನಕ್ಕು ಜಾರಿಕೊಳ್ಳಬೇಡಿ. ಬೇಡವಾದ ಚೀಲವನ್ನು ಇವರ ಕೈಯಲ್ಲೇ ವಾಪಸು ಕಳಿಸಿ. ನೀವು ಇಟ್ಟುಕೊಂಡದ್ದನ್ನೇ ಅಚ್ಚು ಹಾಕಿಸುತ್ತೇನೆ. ಅಮರೇಶಪ್ಪನವರಿಗೆ ನಾನು ಹೇಳಿಕೊಳ್ಳುತ್ತೇನೆ.

ನಿಮ್ಮ ಸೊಸೆ,
ಶೀತಲ

ಮರೆತಿದ್ದೆ: ಒದ್ದೆ ಬಟ್ಟೆಯಿಂದ ಉಜ್ಜಿದರೂ ಆ ಕೆಂಪು ಹೋಗುವುದಿಲ್ಲ. ಉಜ್ಜಿ ನೋಡಿದ್ದೇನೆ.