ಭತ್ತ ಹೋದ ಮೇಲಿನ ಸದ್ದು

ನವೆಂಬರ್ 8, ಬೆಳಿಗ್ಗೆ

ಸಿದ್ದಾಪುರದ ಶೋ ಮುಗಿಸಿ ನಾಲ್ಕು ದಿನದ ಮೇಲೆ ಸ್ಟುಡಿಯೋಗೆ ಬಂದೆ. ಕೇಬಲ್ ಸುತ್ತಿಟ್ಟು, ಮೈಕ್ ಒರೆಸಿ, ಪಾರ್ಟಿಷನ್ ಆಚೆ ಕಾಲಿಟ್ಟರೆ... ಭತ್ತದ ಚೀಲ ಒಂದೂ ಇಲ್ಲ! ವೀರಪ್ಪ ಕಾಕಾ ಮಾರಿಬಿಟ್ಟಿದ್ದಾರೆ. ಗೋದಾಮು ಅವರದು, ಭತ್ತ ಅವರದು. ನನ್ನದು ಬಾಡಿಗೆಯ ಮೂಲೆ ಮತ್ತು ಬೆಪ್ಪುತನ.

ಮೂರೂ ಗೋಡೆಗೆ ಪೇರಿಸಿದ್ದ ಆ ಚೀಲಗಳೇ ಸದ್ದು ಹೀರುತ್ತಿದ್ದವು. ಫೋಮ್ ಬೇಕಾಗಲಿಲ್ಲ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ರಾಕ್ ಆಲ್ಬಂನ ಎಂಟರಲ್ಲಿ ಆರು ಹಾಡು ಹಾಗೇ ರೆಕಾರ್ಡ್ ಆಗಿದೆ. ಎರಡು ಬಾಕಿ. ಈಗ ಚಪ್ಪಾಳೆ ತಟ್ಟಿದರೆ ರೂಮೇ ಬೇರೆ.

ಕಾಕಾನಿಗೆ ಫೋನ್ ಮಾಡಿ ಕೂಗಾಡಿದೆ. ಇಪ್ಪತ್ತಕ್ಕೆ ಗೋವಿನಜೋಳ ಬರುತ್ತದಂತೆ, ಗೋಡೆ ಮತ್ತೆ ತುಂಬುತ್ತದಂತೆ. ಅವರಿಗೆ ಚೀಲ ಅಂದರೆ ಚೀಲ.

ಸಂಜೆ

ಆಲ್ಬಂ ತರುವ ಬೆಂಗಳೂರಿನ ಕಂಪನಿಯ ಸುಹಾಸ ಫೋನ್ ಮಾಡಿದ. ಇಪ್ಪತ್ತೈದಕ್ಕೆ ಎಂಟೂ ಹಾಡು ಬೇಕೇ ಬೇಕು. ಆಗದಿದ್ದರೆ ಇದ್ದದ್ದನ್ನು ಕಳಿಸಿ, ನಮ್ಮವರೊಬ್ಬರು ಮುಗಿಸುತ್ತಾರೆ ಅಂದ. ನಯವಾಗಿ ಅಂದ. ಆಗ ಆಲ್ಬಂ ಮೇಲೆ ಪ್ರೊಡ್ಯೂಸರ್ ಹೆಸರೂ ಅವರದೇ ಇರುತ್ತದೆ.

ಹನ್ನೊಂದು ವರ್ಷ ಮದುವೆ ಮಂಟಪ, ಎಲೆಕ್ಷನ್ ಸ್ಟೇಜು, ಎಲ್ಲ ಕಡೆ ಮೈಕ್ ಕಟ್ಟಿದ್ದೇನೆ. ಒಂದು ರಾಕ್ ಆಲ್ಬಂ ಮೇಲೆ ನನ್ನ ಹೆಸರು, ದಾಕ್ಷಾಯಿಣಿ ಅಂತ ಬರಬೇಕು. ಬರಲೇಬೇಕು.

ನವೆಂಬರ್ 9

ಪವನ್ ಸಿರಸಿಯಿಂದ ಬಂದು ಡ್ರಮ್ ಜೋಡಿಸಿದ. ಸುಮ್ಮನೆ ಒಂದು ಏಟು ಹೊಡೆದ. ಸದ್ದು ತಗಡಿನ ಮಾಡಿಗೆ ಏರಿ, ಅಲ್ಲೊಂದು ಕ್ಷಣ ನಿಂತು, ಕೆಳಗಿಳಿಯಿತು. ಎಂಥ ಜೀವ ಇರುವ ಸದ್ದು! ಇನ್ನೊಮ್ಮೆ ಹೊಡೆಸಿದೆ.

ಆಮೇಲೆ ಹಳೆಯ ಆರು ಹಾಡು ಕೇಳಿದೆ. ಕಂಬಳಿ ಹೊದ್ದು ಬಾರಿಸಿದ ಹಾಗಿದೆ. ಇಷ್ಟು ದಿನ ನನಗೆ ಕೇಳಿಸಲೇ ಇಲ್ಲವೇ? ಥೂ.

ಜೋಳ ಬರುವವರೆಗೆ ಕಾದು ಎರಡು ಹಾಡು ಮುಗಿಸಬಹುದು. ಸುಲಭ. ಮಾಡುವುದಿಲ್ಲ. ಎಂಟೂ ಹಾಡು ಮೊದಲಿಂದ, ಖಾಲಿ ಗೋದಾಮಿನಲ್ಲಿ, ಇಪ್ಪತ್ತರೊಳಗೆ.

ಪವನ್ ಕೋಲು ಕೆಳಗಿಟ್ಟ. "ಎಂತ ಅಕ್ಕಾ ಇದು? ಮುಗಿದಿದ್ದನ್ನು ಕೆಡಿಸ್ತೀರಾ?"

ಹೌದು ಅಂದೆ. ಎದ್ದು ಹೋದ.

ನವೆಂಬರ್ 11

ಹಾಡುವ ರೋಹಿಣಿ ಬೆಳಿಗ್ಗೆಯೇ ಗಿಟಾರ್ ಹೊತ್ತು ಬಂದಳು. ಮಧ್ಯಾಹ್ನ ಪವನ್. ಮುಖ ಊದಿಸಿಕೊಂಡೇ ಬಾರಿಸಿದ. ಸಿಟ್ಟಿನಲ್ಲಿ ಚೆನ್ನಾಗಿ ಬಾರಿಸುತ್ತಾನೆ, ಹೇಳಲಿಲ್ಲ. ಒಂದು ಹಾಡು ಮುಗಿಯಿತು.

ನವೆಂಬರ್ 16

ಐದು ಹಾಡು ಆಯಿತು. ರೋಹಿಣಿಯ ಗಂಟಲು ಕಟ್ಟಿದೆ, ಕಾಳುಮೆಣಸಿನ ಕಷಾಯ ಕುಡಿಸುತ್ತಿದ್ದೇನೆ. ಕರೆಂಟ್ ಎರಡು ಸಲ ಕೈಕೊಟ್ಟಿತು. ಸುಹಾಸನ ಫೋನ್ ಎತ್ತಲಿಲ್ಲ.

ನವೆಂಬರ್ 18

ಏಳು! ಉಳಿದದ್ದು ಕೊನೆಯದು, ಹಿಂದೆಂದೂ ರೆಕಾರ್ಡ್ ಆಗದ್ದು. ಪವನ್‌ಗೆ ಅದರ ನಡುವಿನ ಡ್ರಮ್ ಓಟ ಹದಿನೈದು ಟೇಕ್ ಇಲ್ಲದೆ ಕೂಡಿ ಬರುವುದಿಲ್ಲ. ಇರಲಿ, ಎರಡು ದಿನ ಇದೆ.

ನವೆಂಬರ್ 19, ಮಧ್ಯಾಹ್ನ 3

ಒಂದು ದಿನ ಮೊದಲೇ ಲಾರಿ ಬಂತು. ಮೋಡ ಕವಿದಿದೆ. ಜೋಳ ನೆನೆದರೆ ಬೂಷ್ಟು ಹಿಡಿಯುತ್ತದೆ, ತಡೆಯುವಂತಿಲ್ಲ. ಆದರೂ ಬಾಗಿಲಿಗೆ ಅಡ್ಡ ನಿಂತೆ. ಚೀಲ ಹೊರುವ ಹಮಾಲರು ನಕ್ಕರು. ಕಾಕಾ ಆಕಾಶ ನೋಡಿದರು, ನನ್ನ ಮುಖ ನೋಡಿದರು.

"ನಿನ್ನ ಹಾಡು ಎಷ್ಟು ಮಿನಿಟಿಂದವಾ?"

"ನಾಲ್ಕೂವರೆ, ಕಾಕಾ."

"ಇವರು ಚಾ ಕುಡಿಯೂತನ ಟೈಮ್ ಐತಿ. ಒಮ್ಮೆ ಬಾರಸ್ರಿ. ಆಮ್ಯಾಲೆ ನನ್ನ ಬೈಬ್ಯಾಡ."

ಒಂದೇ ಟೇಕ್. ಚೀಲ ತುಂಬಿದ ಮೇಲೆ ಈ ಸದ್ದು ಸಿಗದು; ತಪ್ಪಿದರೆ ಏಳೇ ಹಾಡು, ಹೆಸರು ಬೆಂಗಳೂರಿನವರ ಪಾಲು. ಪವನ್‌ಗೆ ಹೇಳಿದೆ.  ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ, ಸ್ನೇರ್ ಡ್ರಮ್ ಬಿಗಿ ಮಾಡುತ್ತಿದ್ದಾನೆ. ಅಲ್ಲಿಯವರೆಗೆ ಇದನ್ನು ಬರೆಯುತ್ತಿದ್ದೇನೆ. ಹೆದರಿಕೆ ಇದೆ. ಮೈಕ್ ಎಲ್ಲ ಆನ್ ಇದೆ.

ಹೊರಗೆ ಲಾರಿ ಇಂಜಿನ್ ಬಂದ್ ಆಯಿತು. ರೋಹಿಣಿ ನನ್ನ ಕಡೆ ನೋಡುತ್ತಿದ್ದಾಳೆ. ಪವನ್ ರೆಡಿ ಅಂತ ಕೈ ಎತ್ತ—