ಕಿಟ್ ಬಿಚ್ಚುವ ಕೋಣೆ

ಮಾರ್ಚ್ 3, ಬೆಳಿಗ್ಗೆ 7
ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡ್ ಎರಡು ಸಲ ಒರೆಸಿದೆ. ಇವತ್ತಿನಿಂದ ನೆಲದ ಮೇಲೆ ಕೆಂಪು ಟೇಪ್. ಆಚೆ ಜ್ವರದವರು, ಈಚೆ ಉಳಿದವರು. ಜ್ವರದವರು ಇನ್ನೂ ಯಾರೂ ಬಂದಿಲ್ಲ. ನದಿಯಾಚೆಯ ಊರಿನಲ್ಲಿ ಈ ಜ್ವರಕ್ಕೆ ಹನ್ನೊಂದು ಜನ ಹೋದರಂತೆ. ಅದರಲ್ಲಿ ಇಬ್ಬರು ನರ್ಸ್.

ಸಾಮಾನಿನ ಕೋಣೆ ಖಾಲಿ ಮಾಡಿಸಿ ದೊಡ್ಡ ಕನ್ನಡಿ ಹಾಕಿದ್ದಾರೆ. ಜ್ವರದವರನ್ನು ನೋಡಿ ಬಂದವರು ಮೈತುಂಬ ಹಾಕಿದ ಬಿಳಿ ಕಿಟ್ ಅಲ್ಲೇ ಬಿಚ್ಚಬೇಕು. ಹಾಕುವಾಗ ಅಲ್ಲ, ಬಿಚ್ಚುವಾಗಲೇ ಅಂಟುವುದು ಅಂತ ಹೆಡ್ ಸಿಸ್ಟರ್ ಹೇಳಿದರು. ಒಬ್ಬರು ಎದುರು ನಿಂತು ಬಿಚ್ಚುವ ಕ್ರಮದ ಪಟ್ಟಿ ಓದಬೇಕು. ತಪ್ಪಿದರೆ ‘ನಿಲ್ಲಿ’ ಅನ್ನಬೇಕು. ನರ್ಸುಗಳು ಸಾಲದು. ನನ್ನ ಕಡೆ ನೋಡಿದರು.

“ನೀನು ಬಾ. ಮಾತಾಡಲ್ಲ, ಆದ್ರೆ ಕಣ್ಣು ಎಲ್ಲಾ ಕಡೆ ಇರುತ್ತೆ.”

“ನಾನು ಓದಿದ್ದು ಐದನೇ ಕ್ಲಾಸು, ಸಿಸ್ಟರ್.”

“ಇರೋದು ಹದಿನಾಲ್ಕು ಸಾಲು. ಐದನೇ ಕ್ಲಾಸು ಧಾರಾಳ ಆಯ್ತು.”

ಸಂಜೆ
ಅಮ್ಮ ನಗುತ್ತಾಳೆ. “ಉಪ್ಪು ಜಾಸ್ತಿ ಆದ್ರೂ ತುಟಿ ಪಿಟಕ್ ಅನ್ನದೆ ಉಣ್ಣೋಳು ನೀನು. ಡಾಕ್ಟರಿಗೆ ನಿಲ್ಲಿ ಅಂತೀಯಾ?”

ಮಾರ್ಚ್ 6
ಡ್ರಿಲ್. ಅಂಟು ಎಲ್ಲಿ ತಾಗುತ್ತದೆ ಅಂತ ನೋಡಲು ಕಿಟ್ ಮೇಲೆ ಒಂದು ಪುಡಿ ಹಚ್ಚಿದರು — ಬರಿಗಣ್ಣಿಗೆ ಕಾಣದು, ನೀಲಿ ದೀಪ ಹಿಡಿದರೆ ಹೊಳೆಯುತ್ತದೆ. ಎಮರ್ಜೆನ್ಸಿಯ ದೊಡ್ಡ ಡಾಕ್ಟರು ಬಿಚ್ಚಲು ನಿಂತರು. ಮೂರನೇ ಸಾಲಿಗೆ ಕತ್ತು ಕೆರೆದುಕೊಂಡರು. ನೋಡಿದೆ. ನಿಲ್ಲಿ ಅನ್ನದೆ ನಾಲ್ಕನೇ ಸಾಲು ಓದಿದೆ.

ದೀಪ ಹಿಡಿದಾಗ ಕತ್ತಿನ ಮೇಲೆ ನಾಲ್ಕು ಬೆರಳಿನ ಗುರುತು.

“ನೋಡಿದ್ಯಾ?” ಸಿಸ್ಟರ್ ಕೇಳಿದರು.

“ನೋಡ್ದೆ.”

“ಮತ್ತೆ ನಾಲಿಗೆ ಎಲ್ಲಿಟ್ಟಿದ್ದೆ? ಬೀರುವಿನಲ್ಲಾ?”

ಡಾಕ್ಟರು ಕತ್ತು ಒರೆಸಿಕೊಂಡರು. “ಬೈಯಮ್ಮ ನನ್ನ. ಮನೇಲಿ ದಿನಾ ಬೈಸಿಕೊಂಡು ಅಭ್ಯಾಸ ಇದೆ.” ಹಾಗೆ ಹೇಳಿದರೂ ನಗಲಿಲ್ಲ.

ಮಾರ್ಚ್ 9, ಮಧ್ಯಾಹ್ನ
ಊಟ ಬಿಟ್ಟು ಸಿಸ್ಟರ್ ಆಂಬ್ಯುಲೆನ್ಸ್ ಶೆಡ್ಡಿಗೆ ಕರೆದೊಯ್ದರು. ಆ ತುದಿಗೆ ಅವರು, ಈ ತುದಿಗೆ ನಾನು.

“ನಿಲ್ಲಿ ಅನ್ನು.”

ಅಂದೆ.

“ಕೇಳಿಸ್ಲಿಲ್ಲ.”

ಹದಿನೇಳನೇ ಸಲಕ್ಕೆ ಗಾಡಿ ಹೊರಡಿಸುತ್ತಿದ್ದ ಡ್ರೈವರಣ್ಣ ಗಾಬರಿಯಿಂದ ಬ್ರೇಕ್ ಹಾಕಿದ. ಸಿಸ್ಟರ್ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಫೋನಿನಲ್ಲಿ ಮಗಳ ಫೋಟೋ ತೋರಿಸಿದರು. ಮೂರು ವರ್ಷ.

ಮಾರ್ಚ್ 20
ಜ್ವರದವರು ಬಂದರು. ನಾಲ್ವರು, ಒಂದೇ ಮನೆಯವರು. ದಿನಕ್ಕೆ ಮೂವತ್ತು ಸಲ ಪಟ್ಟಿ ಓದುತ್ತೇನೆ. ಡಾಕ್ಟರನ್ನು ಎರಡು ಸಲ ನಿಲ್ಲಿಸಿದೆ. ನಿಂತರು. ಮನೆಗೆ ಬಂದರೆ ಬರೆಯಲು ಕೈ ಏಳುವುದಿಲ್ಲ.

ಮಾರ್ಚ್ 23, ಸಂಜೆ 5
ಸಿಸ್ಟರ್ ಮೂರು ಗಂಟೆ ಒಳಗಿದ್ದು ಬಂದರು. ಮೊದಲ ಸಾಲು: ಗ್ಲೌಸ್ ತೋರಿಸಿ. ಎರಡೂ ಕೈ ಚಾಚಿದರು. ಎಡ ಹೆಬ್ಬೆರಳಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು. ಒಳಗಿನ ಗ್ಲೌಸಿನಲ್ಲೂ. ಕೆಳಗೆ ಚರ್ಮ.

“ನಿಲ್ಲಿ.”

“ಏನೇ?”

“ಹರಿದಿದೆ.”

“ಮಡಿಕೆ ಬಿದ್ದಿರಬೇಕು. ಸರಿಯಾಗಿ ನೋಡು.”

ಆ ದನಿಯಲ್ಲಿ ಅವರು ಯಾವತ್ತೂ ಮಾತಾಡಿದವರಲ್ಲ. ಹರಿದಿದ್ದರೆ ಇಪ್ಪತ್ತೊಂದು ದಿನ ಒಬ್ಬರೇ, ಗಾಜಿನ ಕೋಣೆಯಲ್ಲಿ. ಮಡಿಕೆಯಾದರೆ ಮನೆಗೆ, ಮಗಳ ಹತ್ತಿರ. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ.

ಮತ್ತೆ ನೋಡಿದೆ.

“ಮಡಿಕೆ ಅಲ್ಲ ಸಿಸ್ಟರ್. ಹರಿದಿದೆ.”

ಕಣ್ಣು ಮುಚ್ಚಿದರು. ಆಮೇಲೆ, “ಸರಿ. ಮುಂದಿನ ಸಾಲು ಓದು.”

ಹದಿನಾಲ್ಕೂ ಓದಿದೆ. ದನಿ ನಡುಗಲಿಲ್ಲ.

ಮಾರ್ಚ್ 29
ಸಿಸ್ಟರ್ ಗಾಜಿನ ಕೋಣೆ ಸೇರಿ ಆರನೇ ದಿನ. ಗೇಟಿನ ಹತ್ತಿರ ಸಿಸ್ಟರ ಗಂಡ ಸಿಕ್ಕಿದರು. ಮಗು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು, ಒಂದು ಕೈಯಲ್ಲಿ ಅಪ್ಪನ ಕಿವಿ ಹಿಡಿದು.

“ಹರಿದಿದೆ ಅಂದಿದ್ದು ನೀನೇನಾ?”

“ಹೌದಣ್ಣ.”

ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟರು.

ಮಾರ್ಚ್ 31, ಬೆಳಿಗ್ಗೆ 11
ಸಿಸ್ಟರಿಗೆ ಜ್ವರ. ನೂರಾ ಎರಡು.

ಅವತ್ತು ಮನೆಗೆ ಹೋಗಿದ್ದರೆ... ಆ ಮಾತು ಯಾರೂ ಆಡಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನೋಡಿ ಬೇರೆ ಕಡೆ ತಿರುಗಿದರು.

ದೊಡ್ಡ ಡಾಕ್ಟರೇ ಅವರ ಹತ್ತಿರ ಹೋಗಿದ್ದಾರೆ. ಒಂದು ಗಂಟೆಯಾಯಿತು. ಬಂದ ಕೂಡಲೇ ಹೇಗಿದ್ದಾರೆ ಅಂತ ಕೇಳಿಬಿಡಬೇಕು ಅನಿಸುತ್ತದೆ. ಕೇಳಬಾರದು. ಹದಿನಾಲ್ಕು ಸಾಲು ಮುಗಿಯುವವರೆಗೆ ಬೇರೆ ಮಾತಿಲ್ಲ.

ಬಾಗಿಲ ಸದ್ದು. ಬಂದರು. ಮುಖ ನೋಡಬಾರದು. ಕೈ ನೋಡಬೇಕು, ಕೈ ಮಾತ್ರ —